ಖಂಡೆಪೂಜೆಯ ದಿನ ಶಿವಕುಮಾರಿಯ ಕಂಪ್ಯೂಟರ್ ಮಾತು ಬಿಟ್ಟಿದ್ದು

ದಹಿಸರ್ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹನ್ನೆರಡು ನಿಮಿಷದ ಹಾದಿಯಲ್ಲಿ ಒಂದು ಚಾಳು. ಅದರ ಏಳನೇ ಖೋಲಿ ಶಿವಕುಮಾರಿಯದು. ಹನ್ನೆರಡು ನಿಮಿಷ ಅಂದರೆ ಅವಳ ನಡಿಗೆಗೆ. ನಮ್ಮ ನಿಮ್ಮಂಥವರಿಗೆ ಹದಿನೈದಾದರೂ ಬೇಕು. ನಾವು ಅಂಗಡಿ ನೋಡುತ್ತ, ಸೀರೆ ನೋಡುತ್ತ, ಜಗಳ ನಡೆದಿದ್ದರೆ ನಿಂತು ನೋಡುತ್ತ ಹೋಗುವವರು. ಅವಳಿಗೆ ಆ ಉಸಾಬರಿ ಇಲ್ಲ. ಒಂಬತ್ತನೇ ವಯಸ್ಸಿಗೆ ಕಣ್ಣು ಪೂರ್ತಿ ಹೋದವು. ಈಗ ನಲವತ್ತಮೂರು. ಈ ಮೂವತ್ತನಾಲ್ಕು ವರ್ಷದಲ್ಲಿ ಅವಳು ಅದಕ್ಕಾಗಿ ಮರುಗಿದ್ದು ಕಡಿಮೆ, ಮರುಗಲು ಬಂದವರನ್ನು ಗದರಿದ್ದೇ ಹೆಚ್ಚು.

ವಿಜಯಪುರದ ಕಡೆಯವಳು. ಇಪ್ಪತ್ತೆರಡರಲ್ಲಿ ಟೆಲಿಫೋನ್ ಆಪರೇಟರ್ ತರಬೇತಿಗೆಂದು ಮುಂಬೈಗೆ ಬಂದವಳು ತಿರುಗಿ ಹೋಗಲಿಲ್ಲ. ಅಂಧೇರಿಯ ಒಂದು ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕೂತಳು. ಫೋನು ಎತ್ತಿದವರು ಹಲೋ ಅನ್ನುವ ಮೊದಲೇ ಉಸಿರಿನಿಂದ ಅವರು ಯಾರೆಂದು ಹೇಳಿಬಿಡುತ್ತಿದ್ದಳು. ಸಾಹೇಬರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆಂಬುದು ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅವತ್ತು ಸಾಲದವರ ಫೋನು ಬಂದರೆ "ಮೀಟಿಂಗ್‌ನಲ್ಲಿದ್ದಾರೆ" ಎಂದು ತಾನೇ ನಿಭಾಯಿಸುತ್ತಿದ್ದಳು. ಇಂಥ ಹೆಂಗಸನ್ನು ಕಂಪನಿ ಕಳೆದ ಫೆಬ್ರವರಿಯಲ್ಲಿ ಮನೆಗೆ ಕಳಿಸಿತು. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಬೋರ್ಡು ಯಾಕೆ? ಬೀಳ್ಕೊಡುಗೆ ಚೆನ್ನಾಗಿಯೇ ಮಾಡಿದರು. ಹಾರ, ತೆಂಗಿನಕಾಯಿ, ಭಾಷಣ, ಜೊತೆಗೆ ದೊಡ್ಡದೊಂದು ಗೋಡೆ ಗಡಿಯಾರ. ಕುರುಡಿಗೆ ಗೋಡೆ ಗಡಿಯಾರ! ಅವಳು ಲೋಕಲ್‌ನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ದಹಿಸರ್‌ವರೆಗೂ ನಕ್ಕಳು. ಮನೆಗೆ ಬಂದು ಪಕ್ಕದ ಖೋಲಿಯ ಇಂದ್ರಾಬಾಯಿಗೆ ಕೊಟ್ಟುಬಿಟ್ಟಳು.

ಆಮೇಲೆ ಶುರುವಾಯಿತು ತಮ್ಮನ ಫೋನು. ಈಶ್ವರ ಊರಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟವನು, ಅಕ್ಕನ ಮೇಲೆ ಜೀವ. "ಅಕ್ಕಾ, ಹಿತ್ತಲದಾಗ ನಿನಗಂತ ಒಂದ್ ಖೋಲಿ ಕಟ್ಟಿಸೀನಿ. ಫ್ಯಾನ್ ಹಾಕ್ಸೀನಿ. ಬಂದ್ ಕುಂದ್ರು. ನಾವು ಇರೂತನಕ ನೀ ಯಾಕ ಒದ್ದಾಡಬೇಕು?" ಎಂಟು ತಿಂಗಳು ಇದೇ ಮಾತು. ಆ 'ಬಂದ್ ಕುಂದ್ರು' ಕೇಳಿದರೆ ಶಿವಕುಮಾರಿಗೆ ಮೈ ಉರಿಯುತ್ತಿತ್ತು. ಕೂತುಕೊಂಡು ಏನು ಮಾಡುವುದು? ಯಾರೋ ತಟ್ಟೆ ತಂದಿಡುವುದು, ಯಾರೋ ಎತ್ತುವುದು, ಬಂದವರೆಲ್ಲ "ಪಾಪ" ಅನ್ನುವುದು. ಆದರೆ ಕೂಡಿಟ್ಟದ್ದು ಕರಗುತ್ತ ಬಂದಿತ್ತು, ತಮ್ಮನ ಮಾತಿಗೆ ಎದುರು ಹೇಳಲು ಬಲ ಉಳಿದಿರಲಿಲ್ಲ. ಗಣೇಶ ಚೌತಿಯ ಹೊತ್ತಿಗೆ ಸೋತು ಒಂದು ಮಾತು ಕೊಟ್ಟಳು: ದೀಪಾವಳಿಯೊಳಗೆ ಕೆಲಸ ಸಿಗದಿದ್ದರೆ ಖೋಲಿ ಖಾಲಿ ಮಾಡಿ ಬರುತ್ತೇನೆ.

ಮಾತು ಕೊಟ್ಟ ಮೇಲೆ ಎಲ್ಲಿಂದಲೋ ಒಂದು ಕೆಲಸ ಕಣ್ಣಾಮುಚ್ಚಾಲೆ ಆಡುತ್ತ ಬಂತು. ಹೊರದೇಶದ ಆಸ್ಪತ್ರೆಗಳಲ್ಲಿ ಡಾಕ್ಟರರು ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿ ಟೈಪ್ ಮಾಡಿಕೊಡುವ ಕಂಪನಿ. ಮನೆಯಲ್ಲೇ ಕೂತು ಮಾಡಬಹುದು. ಕಿವಿ ಚುರುಕಿರಬೇಕು, ಬೆರಳು ಚುರುಕಿರಬೇಕು. ಕಣ್ಣಿನ ವಿಷಯ ಅವರು ಕೇಳಲೇ ಇಲ್ಲ. ಮೊದಲ ಸುತ್ತಿನ ಪರೀಕ್ಷೆ ಪಾಸಾದಳು. ಎರಡನೆಯದು, ಕೊನೆಯದು, ದಸರೆಯ ಹಿಂದಿನ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ. ಹೊರದೇಶದವರಿಗೆ ಎಲ್ಲಿಯ ಮಹಾನವಮಿ, ಎಲ್ಲಿಯ ಆಯುಧಪೂಜೆ?

ಶಿವಕುಮಾರಿಯ ಕಂಪ್ಯೂಟರ್ ಹಳೆಯ ನಮೂನೆಯದು. ಮೇಜಿನ ಮೇಲೆ ಪರದೆ, ಕೆಳಗೆ ಎದ್ದು ನಿಂತ ಸಿಪಿಯು ಡಬ್ಬಿ, ಅಕ್ಕಪಕ್ಕ ಎರಡು ಸ್ಪೀಕರ್. ಅದರಲ್ಲೊಂದು ಸಾಫ್ಟ್‌ವೇರ್ ಇದೆ. ಪರದೆ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುತ್ತದೆ. ಕೀಲಿ ಒತ್ತಿದರೆ ಅಕ್ಷರ ಹೇಳುತ್ತದೆ, ತಪ್ಪಾದರೆ ತಪ್ಪು ಹೇಳುತ್ತದೆ, ಸುಮ್ಮನಿರು ಅಂದರೂ ನಾಲ್ಕು ಮಾತು ಹೆಚ್ಚಿಗೆ ಹೇಳುತ್ತದೆ. ಅವಳು ಅದಕ್ಕೆ ಮಾತಿನಮಲ್ಲಿ ಎಂದೇ ಹೆಸರಿಟ್ಟಿದ್ದಳು. ಫೋನು ಕೂಡ ಮಾತಾಡುತ್ತದೆ, ಆದರೆ ಕಂಪನಿಯ ಪರೀಕ್ಷೆ ಫೋನಿನಲ್ಲಿ ತೆರೆಯುವುದಿಲ್ಲ. ಮಾತಿನಮಲ್ಲಿಯೇ ಬೇಕು. ಆ ಮಾತಿನಮಲ್ಲಿ ಪರೀಕ್ಷೆಗೆ ಎಂಟು ದಿನ ಇರುವಾಗ, ಒಂದು ಮುಂಜಾನೆ, ಟಪ್ ಎಂದು ಕೈಕೊಟ್ಟಿತು. ಡಬ್ಬಿಯೊಳಗಿನ ಫ್ಯಾನಿನ ಸದ್ದೂ ಇಲ್ಲ, ಏನೂ ಇಲ್ಲ.

ರಿಪೇರಿಗೆ ಧರ್ಮಣ್ಣನೇ ಗತಿ. ಇಂಡಿ ತಾಲೂಕಿನವನು, ಮೂವತ್ತೈದರ ಆಸುಪಾಸು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಮೆಟ್ಟಿಲ ಕೆಳಗೆ ಅವನ ಅಂಗಡಿ. ಅವಳ ಹಳೆಯ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಕೈ ಒಳ್ಳೆಯದು, ಬಾಯಿ ಇನ್ನೂ ಒಳ್ಳೆಯದು. ಬಂದ, ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. "ಒಳಗ ಕರೆಂಟ್ ಹಂಚೂ ಪೆಟಗಿ ಸುಟ್ಟದರಿ ಅಕ್ಕಾರ. ಹೊಸಾದ ಹಾಕಿ ತರ್ತೀನಿ" ಎಂದು ಆಟೋದಲ್ಲಿ ಹೇರಿಕೊಂಡು ಹೋದ. ಹೋದವನು ಇವತ್ತು, ನಾಳೆ ಅನ್ನುತ್ತ, ಪರೀಕ್ಷೆಯ ದಿನ ಮಧ್ಯಾಹ್ನ ಒಂದೂಕಾಲಿಗೆ ಬಾಗಿಲು ಬಡಿದ.

"ಬಾಗಲಾ ತಗೀರಿ ಅಕ್ಕಾರ! ನಿಮ್ಮ ಹುಡುಗಿ ತವರಮನಿಯಿಂದ ಬಂದಾಳ!"

ಅವನ ಹಿಂದೆಯೇ ಗಂಧದ ವಾಸನೆ, ಚೆಂಡುಹೂವಿನ ವಾಸನೆ ಒಳಗೆ ಬಂದವು. ಶಿವಕುಮಾರಿ ಕೇಳಿದಳು: "ಏನೋ ಇದು, ಕಂಪ್ಯೂಟರ್ ತಂದೀಯೋ, ಪಲ್ಲಕ್ಕಿ ತಂದೀಯೋ?"

"ಇವತ್ತ ಖಂಡೆಪೂಜಿ ಅಲ್ರೀ? ಮುಂಜಾನೆ ಅಂಗಡ್ಯಾಗ ಇದ್ದಬಿದ್ದ ಮಶೀನಿಗೆಲ್ಲಾ ಪೂಜಿ ಮಾಡೀನಿ. ನಿಮ್ಮದಕ್ಕೂ ಆತು. ರೊಕ್ಕಾ ಏನ್ ಕೇಳಂಗಿಲ್ಲ ಅದಕ್ಕ" ಎಂದು ನಗುತ್ತ ಮೇಜಿನ ಕೆಳಗೆ ನುಸುಳಿದ. ವೈರು ಹಚ್ಚಿದ, ಬಟನ್ ಒತ್ತಿದ. ಫ್ಯಾನು ಗೊರ್ ಎಂದು ತಿರುಗಿತು. ಶಿವಕುಮಾರಿಯ ಹೊಟ್ಟೆ ತಣ್ಣಗಾಯಿತು. ಕುರ್ಚಿ ಎಳೆದುಕೊಂಡು ಕೂತು ಕಾದಳು.

"ಬಂತು ನೋಡ್ರಿ! ಪರದಾ ಎಷ್ಟ ಚಂದ ಬಂದದ! ಹೊಸಾ ಮಶೀನ್ ಬಂದಂಗ ಬಂದದ!"

"ಎಲ್ಲಿ, ಮಾತಾಡವಲ್ದಲ್ಲ?"

"ಆಂ?"

"ಬಾಯಿ ಬಿಡವಲ್ದೋ ಮಾರಾಯ. ಚಲೋ ಆಗೇದ ಅಂತ ನೀ ಹೇಳಿದರ ಆತೇನು? ಅದು ಹೇಳಬೇಕು."

ಆಗ ಗೊತ್ತಾಯಿತು ಧರ್ಮಣ್ಣನಿಗೆ. ಅವನ ಪ್ರಕಾರ ಪರದೆ ಬಂದರೆ ಕಂಪ್ಯೂಟರ್ ಬಂದ ಹಾಗೆ. ಅವಳಿಗೆ ಪರದೆ ಇದ್ದರೆಷ್ಟು, ಬಿಟ್ಟರೆಷ್ಟು! ದನಿ ಇಲ್ಲದ ಕಂಪ್ಯೂಟರ್ ಅವಳ ಪಾಲಿಗೆ ಬರೀ ತಗಡಿನ ಡಬ್ಬಿ. ಅವನು ಕೀಲಿ ಒತ್ತಿ ನೋಡಿದ, ದನಿಯ ಗುರುತು ಪೂರ್ತಿ ಮೇಲಿದೆ ಅಂದ. ಸ್ಪೀಕರಿನ ದೀಪ ಉರಿಯುತ್ತಿದೆ ಅಂದ. "ಎಲ್ಲಾ ಸರಿ ಅದರಿ" ಅಂದ. ಎಲ್ಲ ಸರಿ ಇತ್ತು, ದನಿ ಒಂದು ಬಿಟ್ಟು. ಆರಿಸಿ ಹಚ್ಚಿದ. ಮತ್ತೆ ಆರಿಸಿದ, ಮತ್ತೆ ಹಚ್ಚಿದ. ಮೂರನೇ ಸಲಕ್ಕೆ ಅವನ ನಗೆ ನಿಂತಿತು.

"ಸ್ಪೀಕರ್ ಹೋಗಿರಬೇಕ್ರಿ" ಅಂದ ಮೆಲ್ಲಗೆ.

"ಹೌದಾ? ಅತ್ತಲಾಗ ಸರಿ." ಶಿವಕುಮಾರಿ ಡಬ್ಬಿಯ ಹಿಂದೆ ಕೈಹಾಕಿ ಸ್ಪೀಕರಿನ ಪಿನ್ನು ಕಿತ್ತಳು, ಅದರ ತುದಿಗೆ ಹೆಬ್ಬೆರಳು ಒತ್ತಿದಳು. ಸ್ಪೀಕರ್ ಗುಂಯ್ ಎಂದು ಗುನುಗಿತು. ಬೆರಳು ತೆಗೆದಳು, ಸುಮ್ಮನಾಯಿತು. ಮತ್ತೆ ಒತ್ತಿದಳು, ಮತ್ತೆ ಗುಂಯ್. "ಕೇಳಿದೇನು? ಸ್ಪೀಕರ್ ಗಟ್ಟಿ ಅದ. ಡಬ್ಬಿಯಿಂದನ ದನಿ ಹೊರಗ ಬರವಲ್ದು. ಹತ್ತೊಂಬತ್ತ ವರ್ಷ ಲೈನ್ ಹಿಡಕೊಂಡ ಕುಂತೀನಿ, ನನಗ ಕಲಸ್ತಿ?"

ಗದ್ದಲ ಕೇಳಿ ಇಂದ್ರಾಬಾಯಿ ಬಂದಳು. ಬೆಳಗಾವಿಯಲ್ಲಿ ಹುಟ್ಟಿ, ಮರಾಠಿ ಮನೆಗೆ ಸೊಸೆಯಾಗಿ ಬಂದು, ಅರವತ್ತರ ಹತ್ತಿರ ಬಂದಿದ್ದರೂ ಯಾವ ಭಾಷೆಯನ್ನೂ ಒಂದೇ ಆಗಿ ಮುಗಿಸದ ಹೆಂಗಸು. "ಅಗ ಬಾಯಿ! ಕಾಯ್ ಝಾಲ? ಪರೀಕ್ಷಾ ನಾಕಕ್ಕ ಹೌದಲ್ಲ? ಈಗ ಎರಡ ಹೊಡೀತು!"

"ಬಿಚ್ಚಿ ನೋಡ್ತಿ ಏನು?" ಎಂದು ಶಿವಕುಮಾರಿ ಧರ್ಮಣ್ಣನನ್ನು ಕೇಳಿದಳು.

ಅವನ ಅಂಗಿಯ ತೋಳು ಸರಬರ ಅಂದಿತು. ತಲೆ ಕೆರೆದುಕೊಳ್ಳುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು.

"ಯಾಕ, ಏನಾತು?"

"ಸ್ಕ್ರೂ ಡ್ರೈವರ್ ತಂದಿಲ್ರಿ."

"ತಂದಿಲ್ಲ? ನಿನ್ನ ಕಿಸೇದಾಗ ಅದು ಇರಲಾರದ ದಿನಾ ಒಂದೂ ಇಲ್ಲ!"

"ಪೂಜಿಗೆ ಕುಂತದರಿ. ಸ್ಕ್ರೂ ಡ್ರೈವರ್, ಇಕ್ಕಳ, ಮೀಟರ್, ಎಲ್ಲಾ. ಖಂಡೆಪೂಜಿಗೆ ಇಟ್ಟಿದ್ದ ಸಾಮಾನ ನಾಳೆ ಬನ್ನಿ ಕೊಡೂತನಕ ಎತ್ತಂಗಿಲ್ಲ. ನಮ್ಮಪ್ಪ ಒಮ್ಮಿ ಎತ್ತಿದ್ದರಿ, ಆ ವರ್ಷ..." ಎಂದು ಶುರುಮಾಡಿದವನು, ಅವಳು ಉಸಿರು ಎಳೆದುಕೊಂಡ ರೀತಿ ಕೇಳಿ ಅಪ್ಪನ ಕಥೆ ಅಲ್ಲಿಗೇ ಬಿಟ್ಟ.

ಕೋಪ ಬಂತೆಂದರೆ ಶಿವಕುಮಾರಿ ಕೂಗುವುದಿಲ್ಲ, ದನಿ ಇಳಿಸುತ್ತಾಳೆ. "ಇಂದ್ರಾಬಾಯಿ, ನಿಮ್ಮ ಅಡಗಿ ಮನ್ಯಾಗ ಚಾಕು ಇದ್ದರ ಕೊಡ್ರಿ."

ಇಂದ್ರಾಬಾಯಿಯ ಬಳೆ ಒಮ್ಮೆ ಸದ್ದು ಮಾಡಿ ನಿಂತವು. "ಅದು... ನಂದೂ ಪೂಜಿಗೆ ಕುಂತದ ಗ. ಚಾಕು, ಈಳಿಗಿ, ಕತ್ರಿ, ಹೊಲಿಗಿ ಮಶೀನ್ ಸುದ್ಧಾ. ನಾನ ಇವತ್ತ ಕಾಯಿಪಲ್ಯಾ ಕೈಲೇ ಮುರದ ಹಾಕೀನಿ."

ಶಿವಕುಮಾರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸ್ವಂತ ಮನೆಯ ಚಾಕುವನ್ನು ಬೆಳಿಗ್ಗೆ ಸ್ವತಃ ಅವಳೇ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದಳು! ಅದನ್ನು ನೆನೆದು ಅವಳು ಬಾಯಿ ಮುಚ್ಚಿಕೊಂಡಳು. ಕೊನೆಗೆ ಧರ್ಮಣ್ಣನಿಗೆ ಒಂದು ಉಪಾಯ ಹೊಳೆಯಿತು. ಕಿಸೆಯ ನಾಣ್ಯಕ್ಕೆ ಯಾರೂ ಪೂಜೆ ಮಾಡಿರಲಿಲ್ಲ. ಒಂದು ರೂಪಾಯಿಯ ಅಂಚಿನಿಂದ ಸ್ಕ್ರೂ ತಿರುಗಿಸಿ, ಬೆವರು ಸುರಿಸಿ, ಡಬ್ಬಿಯ ಪಕ್ಕದ ತಗಡು ತೆಗೆದ. ಒಳಗಿನ ವೈರುಗಳನ್ನೆಲ್ಲ ಒತ್ತಿ ಒತ್ತಿ ನೋಡಿದ. ಎಲ್ಲ ಗಟ್ಟಿಯಾಗಿಯೇ ಇದ್ದವು. ಹಚ್ಚಿದರೆ ಮತ್ತದೇ ಫ್ಯಾನಿನ ಗೊರಗೊರ.

ಎರಡೂಮುಕ್ಕಾಲಿಗೆ ಶಿವಕುಮಾರಿ ಕಂಪನಿಯ ಶೀತಲ್‌ಗೆ ಫೋನು ಮಾಡಿದಳು. ಪರೀಕ್ಷೆ ನೋಡಿಕೊಳ್ಳುವ ಹುಡುಗಿ ಅವಳು, ಹಿಂದಿಯಲ್ಲಿ ಮಾತು. ನಾಳೆಗೆ ಮುಂದೂಡಬಹುದೇ ಎಂದು ಇವಳು ಕೇಳಿದಳು. ಇದೇ ಕೊನೆಯ ಬ್ಯಾಚು, ನಾಲ್ಕಕ್ಕೆ ಲಾಗಿನ್ ಆಗದವರ ಹೆಸರು ತಾನಾಗಿ ಹೋಗಿಬಿಡುತ್ತದೆ, ನನ್ನ ಕೈಯಲ್ಲಿಲ್ಲ ಎಂದು ಅವಳು ಹೇಳಿದಳು. ದನಿಯಲ್ಲಿ ಮರುಕ ಇತ್ತು. ಸುಳ್ಳು ಇರಲಿಲ್ಲ. ಇವಳು ಫೋನು ಕೆಳಗಿಟ್ಟಳೋ ಇಲ್ಲವೋ ಈಶ್ವರನ ಫೋನು.

"ಅಕ್ಕಾ, ಪರೀಕ್ಷಾ ಆತೇನು?"

"ಇನ್ನೂ ಹೊತ್ತದ."

"ಆಗಲಿಲ್ಲಂದ್ರ ಚಿಂತಿ ಮಾಡಬ್ಯಾಡ. ಖೋಲಿಗೆ ಸುಣ್ಣಾ ಹಚ್ಚಿಸೀನಿ. ಟಿಕೀಟ್ ನಾನ ತಗಸ್ತೀನಿ."

"ಆತಪಾ, ಇಡ್ತೀನಿ" ಅಂದಳು. ಈ ಏಳನೇ ಖೋಲಿಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ, ಎಷ್ಟನೇ ಹೆಜ್ಜೆಗೆ ಹೊಸ್ತಿಲು, ಯಾವ ಹೊತ್ತಿಗೆ ನಲ್ಲಿ ಹೇಗೆ ಕೆಮ್ಮಿ ನೀರು ಬಿಡುತ್ತದೆ, ಎಲ್ಲ ಅವಳದು. ಊರಿನ ಖೋಲಿಯಲ್ಲಿ ಫ್ಯಾನಿನ ಸ್ವಿಚ್ಚು ಎಲ್ಲಿದೆ ಎಂದೂ ಯಾರನ್ನಾದರೂ ಕೇಳಬೇಕು. ಅವಳಿಗೆ ನಿಜವಾಗಿ ಭಯವಾಯಿತು. ಎಂಟು ತಿಂಗಳಲ್ಲಿ ಇಷ್ಟು ಭಯ ಆಗಿರಲಿಲ್ಲ.

ಧರ್ಮಣ್ಣ ಎದ್ದು ನಿಂತ. "ಅಕ್ಕಾರ, ನಾ ಹೋಗಿ ಬರ್ತೀನಿ. ಅಂಗಡ್ಯಾಗ ಒಂದ್ ಸಣ್ಣ ಸಾಮಾನ ಅದ, ಹೊರಗಿಂದ ಹಚ್ಚಿದರ ದನಿ ಬರ್ತದ. ಅದೂ ಪೂಜಿಗೇ ಕುಂತದ, ಇರವಲ್ದ್ಯಾಕ. ದೇವರು ಬೈದ್ರ ನನ್ನ ಬೈತಾನ." ಅವನ ದನಿ ನಡುಗುತ್ತಿತ್ತು. ಹುಡುಗಾಟದ ಮಾತಲ್ಲ ಅದು. ಅವನಿಗೆ ಇದು ದೊಡ್ಡ ತಪ್ಪೇ ಆಗಿತ್ತು, ಆದರೂ ಮಾಡಲು ಹೊರಟಿದ್ದ. ಶಿವಕುಮಾರಿಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

"ಹೋಗಿ ಬರಾಕ ಎಷ್ಟ ಹೊತ್ತು?"

"ದೇವಿ ಮೆರವಣಿಗಿ ಅದಾವ್ರಿ, ರಸ್ತಾ ಜಾಮ್. ನಾಕೂವರಿ ಆಗಬಹುದು."

"ಹಂಗಾರ ಬ್ಯಾಡ. ಕುಂದ್ರು. ನಾ ಕೇಳ್ತೀನಿ, ನೀ ಹೇಳು."

ಬೋರ್ಡಿನಲ್ಲಿ ಲೈನು ಕೆಟ್ಟಾಗ ಅವಳು ಮಾಡುತ್ತಿದ್ದುದು ಇದನ್ನೇ. ಯಾವ ತಂತ್ರಜ್ಞನನ್ನೂ ಮೊದಲು ಕರೆಯುತ್ತಿರಲಿಲ್ಲ. ಫೋನಿನ ಹತ್ತಿರ ಇದ್ದವರನ್ನು ಹಿಡಿದು ಕೂಡಿಸಿ, ನಿನ್ನೆಯಿಂದ ಇವತ್ತಿನವರೆಗೆ ಏನೇನಾಯಿತು ಎಲ್ಲ ಹೇಳಿ ಅನ್ನುತ್ತಿದ್ದಳು. ಹತ್ತಕ್ಕೆ ಒಂಬತ್ತು ಸಲ ಯಾರೋ ಮೇಜು ಸರಿಸಿರುತ್ತಿದ್ದರು, ಯಾರೋ ಚಹಾ ಚೆಲ್ಲಿರುತ್ತಿದ್ದರು. ಕೆಟ್ಟದ್ದು ಏನೆಂದು ಕೇಳಿದರೆ ಜನ ಹೇಳುವುದಿಲ್ಲ, ನಡೆದದ್ದು ಏನೆಂದು ಕೇಳಿದರೆ ಹೇಳುತ್ತಾರೆ.

"ಡಬ್ಬಿ ಒಯ್ದಿ. ಮುಂದ?"

"ಒಯ್ದೆ. ಪೆಟಗಿ ಸಿಗಲಿಲ್ಲ, ಕಾದೆ. ಮಂಗಳವಾರ ಸಿಕ್ತು, ಹಾಕಿದೆ."

"ಹಾಕಿ?"

"ಹಚ್ಚಿ ನೋಡಿದೆ. ಚಲೋ ಇತ್ತು."

"ದನಿ ಕೇಳಿದ್ದೇನು?"

"ಕೇಳೀನ್ರಿ! ಅಂಗಡಿ ಸ್ಪೀಕರಿಗೆ ಹಚ್ಚಿ ಎರಡ್ ಹಾಡ ಹಾಕಿದ್ದೆ. ಆಜೂಬಾಜೂದವರು ಸಣ್ಣ ಮಾಡೋ ಅಂತ ಬೈದ್ರು ಸುದ್ಧಾ."

ಶಿವಕುಮಾರಿ ಮುಂದಕ್ಕೆ ಬಾಗಿದಳು. "ಅಂದ್ರ ಮಂಗಳವಾರ ದನಿ ಇತ್ತು. ಆಮ್ಯಾಲ?"

"ಆಮ್ಯಾಲ ಏನಿಲ್ರಿ. ಮುಚ್ಚಿ ಇಟ್ಟೆ. ಮುಟ್ಟಿಲ್ಲ."

"ಮುಟ್ಟಿಲ್ಲಂದ್ರ ಈ ಹೂವು ಯಾರ ಏರಿಸಿದ್ರು?"

"ಅದು ಇವತ್ತರಿ. ಪೂಜಿ."

"ಹ್ಯಾಂಗ ಮಾಡಿದಿ ಪೂಜಿ? ಮೊದಲಿಂದ ಹೇಳು. ಒಂದೂ ಬಿಡಬ್ಯಾಡ."

"ಏನ್ ಹೇಳ್ಲಿರಿ, ಎಲ್ಲಾರೂ ಮಾಡೂಹಂಗ. ಒದ್ದಿ ಅರಿವಿಯಿಂದ ಒರಸಿದೆ. ವಿಭೂತಿ ಹಚ್ಚಿದೆ, ಕುಂಕುಮ ಹಚ್ಚಿದೆ, ಹೂ ಏರಿಸಿದೆ. ಕಾಯಿ ಒಡದೆ, ಆದರ ನೀರು ಮಶೀನಿಗೆ ತಾಗಲಾರದಂಗ ಹೊರಗ ಹೋಗಿ ಒಡದೆ, ಅಷ್ಟ ತಿಳೀತದರಿ ನನಗ. ಊದಿನಕಡ್ಡಿ ಹಚ್ಚಿದೆ..."

"ಊದಿನಕಡ್ಡಿ ಎಲ್ಲಿ ಇಟ್ಟಿ?"

ಹೊರಗೆ ಯಾರೋ ಡೋಲು ಬಾರಿಸುತ್ತ ಹೋದರು. ಧರ್ಮಣ್ಣನ ಅಂಗಿಯ ತೋಳು ಮತ್ತೆ ಸರಬರ ಅಂದಿತು.

"ಪ್ರತಿ ವರ್ಷ ಬಾಳಿಹಣ್ಣಿಗೆ ಚುಚ್ಚತಿದ್ದೆರಿ" ಎಂದು ಶುರುಮಾಡಿದ. "ಹ್ವಾದ ವರ್ಷ ಇರವಿ ಬಂದು ಒಂದ್ ಕೀಬೋರ್ಡಿನಾಗ ಸಂಸಾರ ಹೂಡಿದ್ದವು. ಅದಕ್ಕ ಈ ಸಲ ಬಾಳಿಹಣ್ಣ ಬ್ಯಾಡ ಅಂತಂದು... ಮಶೀನಿನ ಮುಂದ ಎರಡ್ ಸಣ್ಣ ತೂತ ಇರ್ತಾವಲ್ರೀ, ಇಯರ್‌ಫೋನಿಂದು, ಮೈಕಿಂದು... ಕಡ್ಡಿ ನೆಟ್ಟಗ ನಿಂತಿದ್ವು."

ಇಂದ್ರಾಬಾಯಿ "ದೇವಾ ರೇ!" ಎಂದು ಕೂತುಬಿಟ್ಟಳು.

ಶಿವಕುಮಾರಿ ಆಗಲೇ ನೆಲದ ಮೇಲೆ ಕೂತಿದ್ದಳು. ಡಬ್ಬಿಯ ಮುಂಭಾಗದ ಮೇಲೆ ಬೆರಳು ಇಳಿಸಿದಳು. ಒಣಗಿದ ವಿಭೂತಿ, ಕುಂಕುಮದ ಪುಡಿ, ದಾರಕ್ಕೆ ಅಂಟಿದ ಹೂವು. ಅದರ ಕೆಳಗೆ ಎರಡು ತೂತು. ಮೊದಲನೆಯದರಲ್ಲಿ ಬೂದಿ ಇತ್ತು, ಖಾಲಿ. ಎರಡನೆಯದರ ಒಳಗೆ ಉಗುರು ಇಟ್ಟಳು. ಮುಳ್ಳಿನಷ್ಟು ಚೂಪಾಗಿ ಏನೋ ಚುಚ್ಚಿತು.

"ಕಡ್ಡಿ ಮುರದು ಒಳಗ ಕುಂತದ" ಅಂದಳು. "ಇಯರ್‌ಫೋನ್ ಹಾಕ್ಯಾರ ಅಂತ ತಿಳಕೊಂಡು ನನ್ನ ಮಾತಿನಮಲ್ಲಿ ಆ ಕಡ್ಡಿ ಕಿವ್ಯಾಗ ಮಾತಾಡ್ಲಿಕ್ಕ ಹತ್ಯಾಳ. ಸ್ಪೀಕರಿಗೆ ಹ್ಯಾಂಗ ಬರಬೇಕು?"

ಅದೇ ಆಗಿತ್ತು. ಆ ತೂತಿನಲ್ಲಿ ಏನು ತೂರಿದರೂ ಕಂಪ್ಯೂಟರ್ ಸ್ಪೀಕರನ್ನು ಮುಚ್ಚಿ ದನಿಯನ್ನು ಅತ್ತ ತಿರುಗಿಸುತ್ತದೆ, ಬಿದಿರು ಕಡ್ಡಿ ಯಾವುದು, ಪಿನ್ನು ಯಾವುದು ಎಂದು ನೋಡುವ ಬುದ್ಧಿ ಅದಕ್ಕಿಲ್ಲ. ಶಿವಕುಮಾರಿ ಇಯರ್‌ಫೋನ್ ಮುಟ್ಟುವವಳೇ ಅಲ್ಲ. ಕಿವಿ ಮುಚ್ಚಿದರೆ ಅವಳ ಪಾಲಿಗೆ ಮನೆಯೇ ಮುಚ್ಚಿದ ಹಾಗೆ. ಹಾಗಾಗಿ ಆ ತೂತಿನ ಕಡೆ ಯಾರ ಲಕ್ಷ್ಯವೂ ಹೋಗಿರಲಿಲ್ಲ. ಆಟೋಗೆ ಏರಿಸುವಾಗ ಉಳಿದ ಕಡ್ಡಿ ಕಿತ್ತು ಒಗೆದಿದ್ದೆ, ಪೂರ್ತಿ ಬಂತು ಅಂದುಕೊಂಡಿದ್ದೆ ಎಂದು ಧರ್ಮಣ್ಣ ಹೇಳುತ್ತಿದ್ದವನು ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡ.

"ಅಯ್ಯಯ್ಯಪ್ಪಾ! ಅಂಗಡ್ಯಾಗ ಇನ್ನೂ ಹತ್ತ ಮಶೀನ್ ಅದಾವ್ರಿ! ಹತ್ತಕ್ಕೂ ನೆಟ್ಟೀನಿ!"

"ಅವನ್ನ ಆಮ್ಯಾಲ ನೋಡ್ಕೋ. ಮೊದಲ ಇದನ್ನ ತಗೀಯೋ!"

ಗಂಟೆ ಮೂರೂ ಇಪ್ಪತ್ತು. ತೆಗೆಯುವುದು ಯಾತರಿಂದ? ಸೂಜಿ ಹಾಕಿ ನೋಡಿದ ಧರ್ಮಣ್ಣ. ಕಡ್ಡಿ ಇನ್ನಷ್ಟು ಒಳಗೆ ಹೋಯಿತು. ಕಿಟಕಿಯ ಬೆಳಕಿಗೆ ತಿರುಗಿಸಿ ಇಣುಕಿದ, ಮೊಬೈಲಿನ ದೀಪ ಹಾಕಿ ಇಣುಕಿದ. ಅಷ್ಟು ಸಣ್ಣ ತೂತಿನಲ್ಲಿ ಒಂದೋ ಬೆಳಕು ಹೋಗಬೇಕು, ಇಲ್ಲ ಕೈ ಹೋಗಬೇಕು. ಎರಡೂ ಒಟ್ಟಿಗೆ ಹೋಗುವುದಿಲ್ಲ.

"ಚಿಮಟಾ ಬೇಕರಿ, ಸಣ್ಣಂದು" ಅಂದ. "ನಂದು..."

"ಪೂಜಿಗೆ ಕುಂತದ, ಗೊತ್ತಾತು" ಅಂದಳು ಶಿವಕುಮಾರಿ.

ಇಂದ್ರಾಬಾಯಿ ಎದ್ದು ಹೋದಳು, ಚಪ್ಪಲಿ ಸದ್ದು ಮಾಡುತ್ತ ಬಂದಳು. ಶಿವಕುಮಾರಿಯ ಅಂಗೈಯಲ್ಲಿ ತಣ್ಣಗಿನದೊಂದು ಇಟ್ಟು, ಕಿವಿಯ ಹತ್ತಿರ ಬಾಯಿ ತಂದಳು. "ಇದಕ್ಕ ಪೂಜಿ ಮಾಡಿಲ್ಲ ಗ. ನನ್ನ ಗದ್ದದ ಮ್ಯಾಲ ಎರಡ ಕೂದಲಾ ಬರ್ತಾವ... ಯಾರಿಗೂ ಹೇಳಬ್ಯಾಡ."

"ನನಗ್ಯಾಕ ಕಾಣಬೇಕ್ರಿ ನಿಮ್ಮ ಗದ್ದ?" ಎಂದು ಶಿವಕುಮಾರಿ ನಕ್ಕೇಬಿಟ್ಟಳು.

ಧರ್ಮಣ್ಣ ಕೈ ಚಾಚಿದ. ಅವಳು ಕೊಡಲಿಲ್ಲ. "ನಿನ್ನ ಕಣ್ಣಿಗೆ ಕಾಣದ ಜಾಗಾ ಇದು. ನಂಗ ರೂಢಿ ಅದ." ಎಡಗೈಯ ಬೆರಳಿಂದ ತೂತಿನ ಅಂಚು ಹಿಡಿದಳು. ಚಿಮಟದ ಎರಡು ತುದಿಗಳನ್ನು ಮೆಲ್ಲಗೆ ಒಳಗಿಳಿಸಿದಳು. ತಗಡು, ತಗಡು, ಮತ್ತೆ ತಗಡು, ಆಮೇಲೆ ಮೆತ್ತಗಿನದು. ಬಿದಿರು. ಹಿಡಿದಳು, ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಕೈ ಬೆವರಿತು, ಸೆರಗಿಗೆ ಒರೆಸಿಕೊಂಡಳು. ಇಬ್ಬರೂ ಉಸಿರು ಬಿಗಿಹಿಡಿದು ನಿಂತದ್ದು ಅವಳಿಗೆ ಕೇಳುತ್ತಿತ್ತು. "ಉಸಿರಾಡ್ರಿ ಇಬ್ಬರೂ, ಸತ್ತಗಿತ್ತೀರಿ" ಅಂದಳು. ಮೂರನೇ ಸಲ ಎಳೆಯದೆ, ಒಂದಿಷ್ಟು ತಿರುವಿದಳು. ಕಡ್ಡಿ ಸಡಿಲವಾಯಿತು. ಕಾಲು ಇಂಚಿನ ಚೂರು ಅವಳ ಅಂಗೈಗೆ ಬಿತ್ತು.

ಆ ಕ್ಷಣಕ್ಕೇ ಮೇಜಿನ ಮೇಲಿನ ಎರಡೂ ಸ್ಪೀಕರಿನಿಂದ ಮಾತಿನಮಲ್ಲಿ ಒದರತೊಡಗಿದಳು. ಧರ್ಮಣ್ಣ ಮಧ್ಯಾಹ್ನದಿಂದ ತೆರೆದಿಟ್ಟಿದ್ದ ಕಿಟಕಿಗಳನ್ನೆಲ್ಲ ಒಂದೊಂದಾಗಿ ಓದಿ ಹೇಳಿದಳು. ಯಾವ ಗುಂಡಿ ಎಲ್ಲಿದೆ, ಏನನ್ನು ಮುಚ್ಚಬೇಕು, ಗಂಟೆ ಮೂರೂ ಮೂವತ್ತೊಂಬತ್ತು. ಶಿವಕುಮಾರಿ ನೆಲದ ಮೇಲೆಯೇ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಇಂದ್ರಾಬಾಯಿ ಅವಳ ತಲೆ ನೇವರಿಸಿದಳು. ಧರ್ಮಣ್ಣ ಮಾತ್ರ ಬಾಗಿಲಿಗೆ ಹೋಗಿ ಮೂಗು ಸೀನಿಕೊಂಡು ಬಂದ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಇಬ್ಬರನ್ನೂ ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿಕೊಂಡಳು. ಪರೀಕ್ಷೆಯಲ್ಲಿ ನಾಲ್ಕು ರೆಕಾರ್ಡಿಂಗ್ ಕೊಟ್ಟರು. ಮೊದಲ ಡಾಕ್ಟರ್ ಏನೋ ತಿನ್ನುತ್ತ ಮಾತಾಡುತ್ತಿದ್ದ. ಎರಡನೆಯವನು ಗಾಡಿ ಓಡಿಸುತ್ತಿದ್ದ. ಮೂರನೆಯವಳಿಗೆ ನೆಗಡಿ. ನಾಲ್ಕನೆಯ ರೆಕಾರ್ಡಿಂಗ್‌ನಲ್ಲಿ ಒಂದು ಮಗು ಅಳುತ್ತಲೇ ಇತ್ತು. ಬೇರೆಯವರಿಗೆ ಇದೆಲ್ಲ ಗೊಂದಲ ಅನ್ನಿಸೀತು. ಹತ್ತೊಂಬತ್ತು ವರ್ಷ ಬೋರ್ಡಿನ ಮುಂದೆ ಕೂತವಳಿಗೆ ಇದೆಲ್ಲ ನಿತ್ಯದ ಊಟ. ಕೈ ತಾನಾಗಿ ಓಡಿತು. ಹೊರಗೆ ಧರ್ಮಣ್ಣ ಚಾಳಿನ ಮಕ್ಕಳನ್ನೆಲ್ಲ "ಶ್! ಶ್!" ಎಂದು ಓಡಿಸುತ್ತಿದ್ದ. ಮೆರವಣಿಗೆಯವರನ್ನೂ ಗದರಲು ಹೋಗಿ ಬೈಸಿಕೊಂಡು ಬಂದನಂತೆ, ಅದು ಆಮೇಲೆ ಇಂದ್ರಾಬಾಯಿ ಹೇಳಿದ್ದು.

ಆರಕ್ಕೆ ಶೀತಲ್ ಫೋನು ಮಾಡಿದಳು. ನಾಲ್ಕನೆಯ ರೆಕಾರ್ಡಿಂಗ್ ಇಡೀ ಬ್ಯಾಚಿನಲ್ಲಿ ಒಬ್ಬರೇ ಪೂರ್ತಿ ಬರೆದಿದ್ದು, ನೀವು. ಸೋಮವಾರದಿಂದ ಕೂತುಬಿಡಿ ಅಂದಳು. ಶಿವಕುಮಾರಿ ಎರಡು ಸಲ ಹೇಳಿಸಿಕೊಂಡಳು, ಕೇಳಿಸಲಿಲ್ಲ ಅಂತಲ್ಲ. ಆಮೇಲೆ ಬಾಗಿಲು ತೆಗೆದು ಹೊರಗಿನ ಇಬ್ಬರಿಗೂ ಹೇಳಿದಳು. ಇಂದ್ರಾಬಾಯಿ ಮೂರು ಭಾಷೆಯಲ್ಲಿ ಕುಣಿದಳು. ಧರ್ಮಣ್ಣ ರಿಪೇರಿಯ ರೊಕ್ಕ ತೆಗೆದುಕೊಳ್ಳುವುದಿಲ್ಲ ಅಂದ. ಅವಳು ಬಲವಂತವಾಗಿ ಕಿಸೆಗೆ ತುರುಕಿ, "ಹತ್ತ ಮಶೀನ್ ಕಾಯಾಕತ್ತಾವ, ಓಡು" ಎಂದು ಕಳಿಸಿದಳು.

ಕೊನೆಗೆ ಈಶ್ವರನಿಗೆ ಫೋನು ಹಚ್ಚಿದಳು.

"ನಾ ಬರೂದಿಲ್ಲೋ ಈಶ್ವರಾ. ನೌಕರಿ ಆತು."

"ಚಲೋ ಆತಕ್ಕಾ" ಅಂದ ಈಶ್ವರ. ದನಿ ಚಲೋ ಇರಲಿಲ್ಲ. ಇಷ್ಟು ದಿನ ಅವನ ಮಾತಿಗೆ ಸಿಟ್ಟಾಗುವ ಅವಸರದಲ್ಲಿ ಅವಳು ತಮ್ಮನ ದನಿಯನ್ನೇ ಸರಿಯಾಗಿ ಕೇಳಿರಲಿಲ್ಲ. ಈಗ ಕೇಳಿದಳು.

"ಯಾಕೋ? ಅಳಾಕತ್ತೀಯೇನು?"

"ಇಲ್ಲಕ್ಕಾ. ನನಗ ನಿದ್ದಿ ಹತ್ತಂಗಿಲ್ಲ ನೋಡು. ಆ ಲೋಕಲ್ಲು, ಆ ಗರ್ದಿ, ನೀ ಒಬ್ಬಾಕಿ. ಟಿವ್ಯಾಗ ಮುಂಬೈ ಬಂದ್ರ ಬಂದ್ ಮಾಡ್ತೀನಿ. ನೀ ಅಲ್ಲಿ ಹ್ಯಾಂಗ ಅಡ್ಡಾಡ್ತಿ ಅನ್ನೂದು ನನಗ ತಿಳಿಯಂಗೇ ಇಲ್ಲ."

ಶಿವಕುಮಾರಿಯ ನಾಲಿಗೆಯ ತುದಿಯಲ್ಲಿದ್ದ ಉತ್ತರ ಅಲ್ಲೇ ಕರಗಿಹೋಯಿತು. ಇವನು ಪಾಪ ಅನ್ನುತ್ತಿರಲಿಲ್ಲ, ಅಂಜುತ್ತಿದ್ದ. ಎಂಟು ತಿಂಗಳು ಅದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ಹಂಗಾರ ಬಂದು ನೋಡು" ಅಂದಳು. "ಇಪ್ಪತ್ತ ವರ್ಷ ಆತು, ಒಮ್ಮಿಯಾದರೂ ನನ್ನ ಮನಿಗೆ ಬಂದೀಯೇನು? ಈ ಸಲ ದೀಪಾವಳಿ ಇಲ್ಲೇ. ಹೆಂಡತಿ ಮಕ್ಕಳನ್ನೂ ಕರಕೊಂಡು ಬಾ."

"ನಂಗ ಆ ಊರಾಗ ಏನ್ ತಿಳೀತದಕ್ಕಾ? ಎಲ್ಲಿ ಇಳೀಬೇಕು, ಯಾವ ಗಾಡಿ ಹಿಡಕೊಂಡು ಹೋಗಬೇಕು..."

"ದಾದರಕ್ಕ ಇಳಿ. ಇಳಿದಲ್ಲೇ ನಿಂತಿರು. ನಾ ಬರ್ತೀನಿ ಕರಕೊಳ್ಳಾಕ."

"ನೀನ?"

"ನಾನ. ಗರ್ದಿ ಭಾಳ ಇರ್ತದ, ನನ್ನ ಕೈ ಗಟ್ಟಿ ಹಿಡಕೋ. ಬಿಟ್ಟಿ ಅಂದ್ರ ಕಳಕೊಂಡ ಹೋಗ್ತಿ ನೋಡು."

ಈಶ್ವರ ಮೂಗು ಎಳೆದುಕೊಂಡ. ಸಣ್ಣವನಿದ್ದಾಗ ಶಾಲೆಗೆ ಹೋಗುವಾಗ ಎಳೆದುಕೊಳ್ಳುತ್ತಿದ್ದ ಹಾಗೆಯೇ.

"ಬಿಡಂಗಿಲ್ಲಕ್ಕಾ" ಅಂದ.